ಹೆಸರಿನ ಗೇಣಿ, ಹೆಸರಿನ ಪೇಟೆ

ಅಡಕೆ, ಗೇರುಬೀಜ, ಹಂಚು, ಒಣಮೀನು, ಮಲ್ಲಿಗೆಯ ಅಟ್ಟೆ ಇವು ನಮ್ಮ ಸೀಮೆಯಲ್ಲಿ ಹಿಂದಿನಿಂದಲೂ ಕ್ರಯ ವಿಕ್ರಯಕ್ಕೆ ಬಂದ ಸರಕುಗಳು. ಅವುಗಳ ಪೇಟೆ ಎಲ್ಲಿ, ದಲ್ಲಾಳಿ ಯಾರು, ಧಾರಣೆ ಏರುವುದು ಯಾವಾಗ ಎಂಬುದು ಇಲ್ಲಿಯ ಮಕ್ಕಳಿಗೂ ಗೊತ್ತು. ಆದರೆ ಬರಿಯ ಹೆಸರೊಂದು ಸರಕಾಗಿ, ಅದಕ್ಕೊಂದು ಪೇಟೆ ಹುಟ್ಟಿ, ಅಲ್ಲಿ ಸವಾಲು ಕೂಗಿ ಮಾರಾಟ ನಡೆಯುತ್ತದೆಂದರೆ ಅನೇಕರಿಗೆ ವಿಚಿತ್ರವಾಗಿ ಕಾಣಬಹುದು. ಅಂತರ್ಜಾಲದಲ್ಲಿ ಒಂದು ತಾಣವನ್ನು ಗುರುತಿಸುವ ವಿಳಾಸಕ್ಕೆ ಡೊಮೇನ್ ಹೆಸರೆಂದು ಕರೆಯುತ್ತಾರೆ. ಇಂಥ ಹೆಸರುಗಳನ್ನು ಕೊಂಡು ಮಾರುವುದನ್ನೇ ಕಸುಬಾಗಿ ಮಾಡಿಕೊಂಡವರು ಇಂದು ದೇಶದೇಶಗಳಲ್ಲಿ ಇದ್ದಾರೆ. ಈ ವ್ಯಾಪಾರದ ಕ್ರಮವೇನು, ಅದರಲ್ಲಿ ನ್ಯಾಯವೆಷ್ಟು, ಕೊಲ್ಲೂರಿನಂಥ ಊರಿಗೆ ಅದು ಏಕೆ ಸಂಬಂಧಪಟ್ಟ ವಿಷಯ ಎಂಬುದನ್ನು ಅರ್ಥಶಾಸ್ತ್ರದ ಪಾಠ ಹೇಳುವ ನಾನು ಇಲ್ಲಿ ವಿವೇಚಿಸಬೇಕೆಂದಿದ್ದೇನೆ.

ಗಣಕಯಂತ್ರಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ. ಮನುಷ್ಯನಿಗೆ ಅಂಕಿಗಳನ್ನು ನೆನಪಿಡುವುದು ಕಷ್ಟ, ಹೆಸರು ಸುಲಭ. ಮೊದಮೊದಲು ಯಾವ ಹೆಸರಿಗೆ ಯಾವ ಅಂಕಿ ಎಂಬ ಪಟ್ಟಿಯನ್ನು ಅಮೆರಿಕದ ಒಂದು ಸಂಶೋಧನ ಸಂಸ್ಥೆಯಲ್ಲಿ ಒಂದೇ ಕಡತವಾಗಿ ಇಟ್ಟಿದ್ದರು. ಯಂತ್ರಗಳು ಹೆಚ್ಚಿದಂತೆ ಆ ಕಡತ ಸಾಲದಾಯಿತು. ೧೯೮೩ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬ ವಿಜ್ಞಾನಿ ಈಗಿನ ಹೆಸರು ವ್ಯವಸ್ಥೆಯನ್ನು ರೂಪಿಸಿದನು. ೧೯೮೫ರ ಮಾರ್ಚ್ ೧೫ರಂದು ಸಿಂಬಾಲಿಕ್ಸ್ ಎಂಬ ಕಂಪನಿ ಮೊದಲನೆಯ 'ಡಾಟ್ ಕಾಮ್' ಹೆಸರನ್ನು ನೋಂದಾಯಿಸಿತು. ಆಗ ಹೆಸರಿಗೆ ಹಣವಿರಲಿಲ್ಲ, ಕೇಳಿದವರಿಗೆ ಕೊಡುತ್ತಿದ್ದರು. ೧೯೯೫ರಲ್ಲಿ ಎರಡು ವರ್ಷಕ್ಕೆ ನೂರು ಡಾಲರು ಎಂದು ಶುಲ್ಕ ಬಂತು. ಶುಲ್ಕ ಬಂದ ಕೂಡಲೇ ಬೆಲೆಯ ಯೋಚನೆಯೂ ಬಂತು. ೧೯೯೯ರಲ್ಲಿ 'ಬಿಸಿನೆಸ್ ಡಾಟ್ ಕಾಮ್' ೭೫ ಲಕ್ಷ ಡಾಲರಿಗೆ ಕೈಬದಲಾಯಿತು. ೨೦೧೯ರಲ್ಲಿ 'ವಾಯ್ಸ್ ಡಾಟ್ ಕಾಮ್' ೩ ಕೋಟಿ ಡಾಲರಿಗೆ ಹೋಯಿತು.

ಇಲ್ಲಿ ಮೊದಲು ತಿಳಿಯಬೇಕಾದ ಸಂಗತಿಯೊಂದುಂಟು. ಹೆಸರು 'ಕೊಂಡೆ' ಎಂದು ಹೇಳುವವನು ನಿಜವಾಗಿ ಅದನ್ನು ಕೊಂಡಿರುವುದಿಲ್ಲ. ನಮ್ಮ ಕನ್ನಡ ಜಿಲ್ಲೆಯ ಹಿಂದಿನ ಭೂಮಿಯ ವ್ಯವಹಾರವನ್ನು ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ಇಲ್ಲಿ ವರ್ಗದಾರನ ಕೈಕೆಳಗೆ ಮೂರು ಬಗೆಯ ಗೇಣಿಗಳಿದ್ದುವು. ನಿಗದಿಯಾದ ಗೇಣಿ ಕೊಟ್ಟು ತಲೆತಲಾಂತರಕ್ಕೆ ಅನುಭವಿಸುವುದು ಮೂಲಗೇಣಿ. ವರ್ಷದಿಂದ ವರ್ಷಕ್ಕೆ ಸಾಗುವುದು, ಬಿಡಿಸಿದರೆ ಬಿಡಬೇಕಾದ್ದು ಚಾಲಗೇಣಿ. ಇಂತಿಷ್ಟು ವರ್ಷವೆಂದು ಗೊತ್ತುಮಾಡಿ ಕೊಟ್ಟದ್ದು ವಾಯಿದೆಗೇಣಿ. ಡೊಮೇನ್ ಹೆಸರು ವಾಯಿದೆಗೇಣಿಯ ಜಾತಿಗೆ ಸೇರಿದ್ದು. ಒಂದು ವರ್ಷದಿಂದ ಹತ್ತು ವರ್ಷದವರೆಗೆ ವಾಯಿದೆ, ಮುಗಿಯುವ ಮುನ್ನ ಗೇಣಿ ಸಂದಾಯ ಮಾಡಿದರೆ ಮುಂದುವರಿಯುತ್ತದೆ, ತಪ್ಪಿದರೆ ಹೋಗುತ್ತದೆ. ಎಲ್ಲಕ್ಕೂ ಮೇಲೆ ನಿಯಮ ಮಾಡುವುದು ೧೯೯೮ರಲ್ಲಿ ಸ್ಥಾಪಿತವಾದ ಐಕಾನ್ ಎಂಬ ಸಂಸ್ಥೆ. ಅದರ ಕೆಳಗೆ ಒಂದೊಂದು ಬಾಲಕ್ಕೂ ಒಬ್ಬೊಬ್ಬ ದಾಖಲೆದಾರ: 'ಡಾಟ್ ಕಾಮ್'ಗೆ ವೆರಿಸೈನ್ ಕಂಪನಿ, ನಮ್ಮ 'ಡಾಟ್ ಇನ್'ಗೆ ನಿಕ್ಸಿ. ಅವರ ಕೆಳಗೆ ಚಿಲ್ಲರೆಯಾಗಿ ನೋಂದಣಿ ಮಾಡಿಕೊಡುವ ವರ್ತಕರು. ಪೇಟೆಯಲ್ಲಿ ಮಾರಾಟವಾಗುವುದು ಗೇಣಿಯ ಹಕ್ಕು ಮಾತ್ರ, ಹೆಸರಿನ ಸ್ವಾಮ್ಯವಲ್ಲ.

ಮಾರುವ ಕ್ರಮ ಹೀಗಿದೆ. ಸೆಡೋ, ಆಫ್ಟರ್ನಿಕ್, ಗೋಡ್ಯಾಡಿಯ ಹರಾಜುಕಟ್ಟೆ ಮುಂತಾದ ಪೇಟೆಗಳು ಜಾಲದಲ್ಲಿವೆ. ಹೆಸರುಳ್ಳವನು ಅಲ್ಲಿ ಖಾತೆ ತೆರೆದು ತನ್ನ ಹೆಸರನ್ನು ಪಟ್ಟಿಗೆ ಸೇರಿಸುತ್ತಾನೆ. ಅದು ತನ್ನದೇ ಎಂಬುದಕ್ಕೆ ರುಜುವಾತು ಕೊಡಬೇಕು. ಪೇಟೆಯವರು ಹೇಳಿದ ಗುರುತೊಂದನ್ನು ಆ ಹೆಸರಿನ ದಾಖಲೆಯಲ್ಲಿ ಸೇರಿಸಿ ತೋರಿಸಿದರೆ ಸಾಕು. ಅನಂತರ ಒಂದೇ ದರ ಹೇಳಿ ಇಡಬಹುದು, ಗಿರಾಕಿಯೇ ಮೊಬಲಗು ಹೇಳಲಿ ಎಂದು ಬಿಡಬಹುದು, ಇಲ್ಲವೆ ಹರಾಜಿಗೆ ಹಾಕಬಹುದು. ಆ ವಿಳಾಸವನ್ನು ಯಾರಾದರೂ ತೆರೆದರೆ 'ಈ ಹೆಸರು ಮಾರಾಟಕ್ಕಿದೆ' ಎಂಬ ಬೋರ್ಡು ಕಾಣುತ್ತದೆ. ಕೆಲವರು ಮಾರಾಟವಾಗುವ ತನಕ ಅಲ್ಲಿ ಜಾಹೀರಾತು ತೂಗುಹಾಕಿ ನಾಲ್ಕು ಕಾಸು ಹುಟ್ಟಿಸಿಕೊಳ್ಳುವುದೂ ಉಂಟು. ವ್ಯಾಪಾರ ಕುದುರಿದಾಗ ಹಣವನ್ನು ನೇರವಾಗಿ ಮಾರುವವನಿಗೆ ಕೊಡುವುದಿಲ್ಲ. ಮಧ್ಯಸ್ಥನಲ್ಲಿ ಠೇವಣಿ ಇಡುತ್ತಾರೆ. ಮಾರುವವನು ಬೀಗ ತೆಗೆದು, ವರ್ಗಾವಣೆಯ ಗುಪ್ತ ಸಂಕೇತವನ್ನು ಒಪ್ಪಿಸುತ್ತಾನೆ. ಹೆಸರು ಕೊಂಡವನ ಖಾತೆಗೆ ಬಂದುದು ಖಚಿತವಾದ ಮೇಲೆ ಮಧ್ಯಸ್ಥನು ತನ್ನ ದಲ್ಲಾಳಿಯನ್ನು ಮುರಿದುಕೊಂಡು ಉಳಿದುದನ್ನು ಪಾವತಿ ಮಾಡುತ್ತಾನೆ. ದಲ್ಲಾಳಿ ಕಡಿಮೆಯೇನಲ್ಲ, ಶೇಕಡಾ ೧೦ರಿಂದ ೨೫ರವರೆಗೂ ಇದೆ. ಹೊಸದಾಗಿ ನೋಂದಾಯಿಸಿದ ಹೆಸರನ್ನು ೬೦ ದಿನ ಒಬ್ಬ ವರ್ತಕನಿಂದ ಮತ್ತೊಬ್ಬನಲ್ಲಿಗೆ ಕದಲಿಸಗೊಡದಿರುವುದು ರೂಢಿಯ ನಿಯಮ.

ಯಾವ ಹೆಸರಿಗೆ ಬೆಲೆ? ಚಿಕ್ಕದಾಗಿರಬೇಕು, ಕಿವಿಯಲ್ಲಿ ಕೇಳಿದವನು ತಪ್ಪದೆ ಬರೆಯುವಂತಿರಬೇಕು, ಜನ ಹುಡುಕುವ ವಸ್ತುವಿನದಾಗಿರಬೇಕು, ಬಾಲದಲ್ಲಿ 'ಡಾಟ್ ಕಾಮ್' ಇದ್ದರೆ ಮೇಲು. ಕೋಟಿ ಡಾಲರಿನ ಸುದ್ದಿಯನ್ನು ಓದಿ ಇದರಲ್ಲಿ ಕೈಹಾಕಬೇಕೆಂದು ಕೆಲವು ವಿದ್ಯಾರ್ಥಿಮಿತ್ರರು ನನ್ನಲ್ಲಿ ಕೇಳಿದ್ದುಂಟು. ಅವರಿಗೆ ನಾನು ಹಾಕಿ ತೋರಿಸಿದ ಲೆಕ್ಕವನ್ನೇ ಇಲ್ಲಿ ಕೊಡುತ್ತೇನೆ. ಹೆಸರೊಂದಕ್ಕೆ ವರ್ಷಕ್ಕೆ ಸುಮಾರು ೧,೦೦೦ ರೂಪಾಯಿ ಹಿಡಿದರೆ ನೂರು ಹೆಸರಿಗೆ ೧ ಲಕ್ಷ. ಪಟ್ಟಿಯಲ್ಲಿಟ್ಟ ಹೆಸರುಗಳಲ್ಲಿ ವರ್ಷಕ್ಕೆ ನೂರಕ್ಕೆ ಒಂದೆರಡು ಹೋದರೆ ಪುಣ್ಯವೆಂದು ಈ ಕಸುಬಿನವರೇ ಹೇಳಿಕೊಳ್ಳುತ್ತಾರೆ. ಎರಡು ಹೆಸರು ತಲಾ ೬೦,೦೦೦ಕ್ಕೆ ಹೋದುವೆನ್ನೋಣ. ೧,೨೦,೦೦೦ದಲ್ಲಿ ಶೇಕಡಾ ೨೦ ದಲ್ಲಾಳಿ ಕಳೆದರೆ ಉಳಿದದ್ದು ೯೬,೦೦೦. ಹಾಕಿದ ಲಕ್ಷವೂ ಕೈಗೆ ಬರಲಿಲ್ಲ. ಉಳಿದ ೯೮ ಹೆಸರುಗಳಿಗೆ ಮತ್ತೆ ಗೇಣಿ ಕಟ್ಟುವ ದಿನ ಬಂದೇ ಬಂತು. ಲಾಟರಿಯ ಬಹುಮಾನ ಬಂದವನ ಚಿತ್ರವನ್ನು ಪತ್ರಿಕೆಯಲ್ಲಿ ಅಚ್ಚುಹಾಕುತ್ತಾರೆ. ಚೀಟಿ ಹರಿದುಹಾಕಿದವರ ಚಿತ್ರವನ್ನು ಹಾಕುವುದಿಲ್ಲವಷ್ಟೆ.

ಲಾಭ ಖಚಿತವಾಗಿ ಬರುವ ದಾರಿಯೊಂದುಂಟು, ಅದೇ ಅಡ್ಡದಾರಿ. ಒಬ್ಬನು ಈಗಾಗಲೇ ದುಡಿದು ಪ್ರಸಿದ್ಧಿಗೆ ತಂದ ಹೆಸರನ್ನು ಅವನಿಗಿಂತ ಮೊದಲು ನೋಂದಾಯಿಸಿಟ್ಟುಕೊಂಡು, ಅವನಿಗೇ ಹೆಚ್ಚಿನ ಬೆಲೆಗೆ ಮಾರುವುದು. ಜಿಯೋ, ಹಾಟ್‌ಸ್ಟಾರ್ ಎಂಬ ಎರಡು ಸೇವೆಗಳು ಒಂದಾಗಬಹುದೆಂದು ಊಹಿಸಿ ದಿಲ್ಲಿಯ ಯುವಕನೊಬ್ಬ ಎರಡನ್ನೂ ಕೂಡಿಸಿದ ಹೆಸರನ್ನು ನೋಂದಾಯಿಸಿದ್ದು, ೨೦೨೪ರಲ್ಲಿ ಅದಕ್ಕೆ ಪ್ರತಿಯಾಗಿ ತನ್ನ ಕೇಂಬ್ರಿಜ್ ವ್ಯಾಸಂಗದ ವೆಚ್ಚವನ್ನು ಕೇಳಿದ್ದು ಪತ್ರಿಕೆಗಳಲ್ಲೆಲ್ಲ ಬಂತು. ಆ ದೊಡ್ಡ ಕಂಪನಿ ಜಗ್ಗಲಿಲ್ಲ. ದೊಡ್ಡವರಿಗೆ ವಕೀಲರಿದ್ದಾರೆ. ನನ್ನ ಚಿಂತೆ ಸಣ್ಣವರದು.

ಕೊಲ್ಲೂರಿನ ಪೇಟೆಯನ್ನು ನೋಡಿದವರಿಗೆ ಗೊತ್ತು. ಅಲ್ಲಿಯ ಬೋರ್ಡುಗಳು ಕನ್ನಡದ ಜೊತೆಗೆ ಮಲಯಾಳದಲ್ಲಿಯೂ ತಮಿಳಿನಲ್ಲಿಯೂ ಇರುತ್ತವೆ. ಯಾತ್ರಿಕರಲ್ಲಿ ಕೇರಳದವರು ಬಹಳ. ಬೈಂದೂರಿನ ಮೂಕಾಂಬಿಕಾ ರೋಡ್ ನಿಲ್ದಾಣದಲ್ಲಿ ರೈಲಿನಿಂದ ಇಳಿಯುವ ಮೊದಲೇ ಕೋಣೆ, ಕಾರು, ಸೇವೆ ಎಲ್ಲವನ್ನೂ ಮೊಬೈಲಿನಲ್ಲಿ ಹುಡುಕಿ ಗೊತ್ತುಮಾಡಿಕೊಂಡು ಬರುವವರೇ ಈಗ ಹೆಚ್ಚು. ಅವರು ಹುಡುಕುವುದು ಬಹುಮಟ್ಟಿಗೆ ರೋಮನ್ ಲಿಪಿಯಲ್ಲಿ. ಕನ್ನಡದಲ್ಲಿ ಒಂದೇ ಆಗಿರುವ ಹೆಸರು ರೋಮನ್ ಲಿಪಿಗೆ ಹೋದೊಡನೆ ಹತ್ತು ಹೋಳಾಗುತ್ತದೆ. 'ಕೊಲ್ಲೂರು' ಎಂಬಲ್ಲಿ 'ಎಲ್' ಅಕ್ಷರವನ್ನು ಒಂದು ಬರೆಯುವವರುಂಟು, ಎರಡು ಬರೆಯುವವರುಂಟು. ದೀರ್ಘಕ್ಕೆ ಒಂದು 'ಯು' ಅಥವಾ ಎರಡು 'ಓ'. ಕೊನೆಯ ಉಕಾರವನ್ನು ಬರೆಯಬಹುದು, ಬಿಡಬಹುದು. ಎಂಟು ರೂಪಗಳಾದುವು. 'ಮೂಕಾಂಬಿಕಾ' ಎಂಬುದರ ಮೊದಲ ದೀರ್ಘಕ್ಕೆ ಎರಡು ರೂಪ. ಕಡೆಯ ಕಕಾರವನ್ನು ತಮಿಳರ ಉಚ್ಚಾರದಂತೆ ಗಕಾರವೆಂದೂ ಬರೆಯುವುದರಿಂದ ಮತ್ತೆ ಎರಡು. ಕೊನೆಯ ಸ್ವರಕ್ಕೆ ಮೂರು. ಹನ್ನೆರಡು ರೂಪಗಳಾದುವು. ಎಂಟು ಹನ್ನೆರಡಲೆ ೯೬. ಎರಡು ಪದಗಳ ನಡುವೆ ಅಡ್ಡಗೆರೆ ಇಟ್ಟು ಮತ್ತು ಇಡದೆ ೧೯೨. ಇವಕ್ಕೆ ಮೂರು ಬಾಲಗಳನ್ನು ಮಾತ್ರ ಹಚ್ಚಿದರೂ ೫೭೬ ವಿಳಾಸಗಳು! ಎಲ್ಲವನ್ನೂ ಕಾದಿಡುತ್ತೇವೆಂದರೆ ವರ್ಷಕ್ಕೆ ಸುಮಾರು ೫,೭೬,೦೦೦ ರೂಪಾಯಿ. ವಿಜಯದಶಮಿಯ ದಿನ ಎಷ್ಟೋ ಮಕ್ಕಳು ಮೊದಲ ಅಕ್ಷರ ತಿದ್ದುವ ಊರಿನ ಹೆಸರಿಗೇ ಅಕ್ಷರದಲ್ಲಿ ಈ ಅವಸ್ಥೆ. ಒಂದು ರೂಪವನ್ನು ನಿಜವಾದವರು ಹಿಡಿದಿದ್ದರೆ ಉಳಿದ ರೂಪಗಳು ಹೊಂಚುವವನಿಗೆ ಬಯಲಾಗಿ ಬಿದ್ದಿರುತ್ತವೆ. ಬೇರೆ ಊರಿನಲ್ಲಿ ಕುಳಿತವನು ಅವುಗಳಲ್ಲೊಂದನ್ನು ಹಿಡಿದು, ವಸತಿಗೃಹದ ಚಿತ್ರವನ್ನು ಅಂಟಿಸಿ, ಮುಂಗಡ ಹಣ ವಸೂಲುಮಾಡಿದರೆ, ಯಾತ್ರಿಕನು ರಾತ್ರಿ ಬಂದು ಬಾಗಿಲು ಬಡಿದಾಗಲೇ ಮೋಸ ತಿಳಿಯುವುದು. ಬೈಗಳು ತಿನ್ನುವವನು ಮಾತ್ರ ಇಲ್ಲಿಯ ಲಾಡ್ಜಿನ ಗುಮಾಸ್ತ.

ನನ್ನ ಪರಿಚಯದ ಲಾಡ್ಜಿನ ಯಜಮಾನರೊಬ್ಬರು ಹೋದ ವರ್ಷ ಮಳೆಗಾಲದಲ್ಲಿ ಒಂದು ಇಂಗ್ಲಿಷ್ ಪತ್ರವನ್ನು ಮೊಬೈಲಿನಲ್ಲಿ ತೋರಿಸಿ ಅದರ ಅರ್ಥ ಕೇಳಿದರು. ಅವರ ತಂದೆಯ ಕಾಲದಿಂದ ಆ ಮನೆಗಿದ್ದ ಹೆಸರು, 'ಡಾಟ್ ಕಾಮ್' ಸಹಿತ, ೮೫,೦೦೦ ರೂಪಾಯಿಗೆ ದೊರೆಯುವುದೆಂದು ಅದರಲ್ಲಿತ್ತು. "ಎಂತ ಮಾಷ್ಟ್ರೇ, ನಮ್ ಹೆಸ್ರನ್ನ ನಮ್ಗೇ ಮಾರ್ತ್ರಾ?" ಎಂದರು. ನಾನು ವಿವರಿಸಿದೆ. ಕೋರ್ಟಿಗೆ ಹೋಗಬಹುದೇ ಎಂದರು. ಆ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲವಾದ್ದರಿಂದ ಕಾನೂನಿನ ಸ್ಥಿತಿಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಹೆಸರಿನ ಕಬಳಿಕೆಯನ್ನೇ ಕುರಿತ ಪ್ರತ್ಯೇಕ ಕಾಯಿದೆ ನಮ್ಮ ದೇಶದಲ್ಲಿಲ್ಲ. ಅಮೆರಿಕದಲ್ಲಿ ೧೯೯೯ರಿಂದ ಇದೆ. ನಮ್ಮಲ್ಲಿ ಆಧಾರವಾಗಿರುವ ದೊಡ್ಡ ತೀರ್ಪು ಬೆಂಗಳೂರಿನಿಂದಲೇ ಹೊರಟದ್ದು. ಸತ್ಯಂ ಇನ್ಫೋವೇ ಎಂಬ ಕಂಪನಿ ತನ್ನ ಹೆಸರಿನ ತುಣುಕುಗಳನ್ನು ಜೋಡಿಸಿ 'ಸಿಫಿ' ಎಂಬ ಪದವನ್ನು ಕಟ್ಟಿ, ೧೯೯೯ರಲ್ಲಿ ಅದರ ಮೇಲೆ ಕೆಲವು ವಿಳಾಸಗಳನ್ನು ನೋಂದಾಯಿಸಿತ್ತು. ೨೦೦೧ರಲ್ಲಿ ಇನ್ನೊಂದು ಸಂಸ್ಥೆ 'ಎಫ್' ಅಕ್ಷರವನ್ನು ಒಂದು ಹೆಚ್ಚಿಸಿ 'ಸಿಫ್ಫಿನೆಟ್' ಎಂದು ನೋಂದಾಯಿಸಿತು. ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯ ಅದಕ್ಕೆ ತಡೆಯಾಜ್ಞೆ ಕೊಟ್ಟಿತು. ಉಚ್ಚ ನ್ಯಾಯಾಲಯ ಅದನ್ನು ತೆಗೆಯಿತು. ೨೦೦೪ರ ಮೇ ೬ರಂದು ಸರ್ವೋಚ್ಚ ನ್ಯಾಯಾಲಯ ಮತ್ತೆ ಎತ್ತಿಹಿಡಿಯಿತು. ಡೊಮೇನ್ ಹೆಸರು ಬರಿಯ ವಿಳಾಸವಲ್ಲ, ವ್ಯಾಪಾರದ ಗುರುತು. ತನ್ನ ಸರಕನ್ನು ಮತ್ತೊಬ್ಬನದೆಂದು ದಾಟಿಸುವ ಮೋಸಕ್ಕೆ ಇರುವ ಹಳೆಯ ನ್ಯಾಯವೇ ಇದಕ್ಕೂ ಸಲ್ಲುತ್ತದೆ ಎಂಬುದು ಆ ತೀರ್ಪಿನ ಸಾರ. ಒಂದು ಅಕ್ಷರದ ದ್ವಿತ್ವಕ್ಕಾಗಿ ಮೂರು ನ್ಯಾಯಾಲಯಗಳು ಕುಳಿತವೆಂಬುದನ್ನು ಕಾಗುಣಿತವನ್ನು ಉದಾಸೀನ ಮಾಡುವ ವಿದ್ಯಾರ್ಥಿಗಳು ಗಮನಿಸಬೇಕು.

ನ್ಯಾಯಾಲಯದ ಹೊರಗೂ ದಾರಿಯಿದೆ. 'ಡಾಟ್ ಕಾಮ್' ಮುಂತಾದುವಕ್ಕೆ ಐಕಾನ್ ೧೯೯೯ರಲ್ಲಿ ಮಾಡಿದ ಒಂದು ತಂಟೆ ತೀರ್ಮಾನದ ಕ್ರಮವಿದೆ. ದೂರು ಕೊಡುವವನು ಮೂರನ್ನು ಸಿದ್ಧಪಡಿಸಬೇಕು: ಆ ಹೆಸರು ತನ್ನ ವ್ಯಾಪಾರಮುದ್ರೆಗೆ ಸಮ ಅಥವಾ ಭ್ರಮೆ ಹುಟ್ಟಿಸುವಷ್ಟು ಹತ್ತಿರ, ಎದುರಾಳಿಗೆ ಅದರಲ್ಲಿ ನ್ಯಾಯವಾದ ಹಿತವಿಲ್ಲ, ಅವನು ಅದನ್ನು ದುರುದ್ದೇಶದಿಂದ ನೋಂದಾಯಿಸಿದನು ಮತ್ತು ದುರುದ್ದೇಶದಿಂದಲೇ ಬಳಸುತ್ತಿದ್ದಾನೆ. 'ಡಾಟ್ ಇನ್'ಗೆ ೨೦೦೫ರಿಂದ ನಿಕ್ಸಿಯ ಇಂಥದೇ ನಿಯಮವಿದೆ. ಇದರಲ್ಲಿ ಎರಡು ಅನುಕೂಲಗಳನ್ನು ನಾನು ಕಾಣುತ್ತೇನೆ. ವ್ಯಾಪಾರಮುದ್ರೆಯ ಜೊತೆಗೆ 'ಹೆಸರು' ಎಂಬ ಪದವನ್ನೂ ಇಲ್ಲಿ ಸೇರಿಸಿದ್ದಾರೆ. ದುರುದ್ದೇಶ ನೋಂದಣಿಯಲ್ಲಾಗಲಿ ಬಳಕೆಯಲ್ಲಾಗಲಿ ಒಂದರಲ್ಲಿ ಕಂಡರೆ ಸಾಕು. 'ಡಾಟ್ ಕಾಮ್' ದೂರನ್ನು ಜಿನೀವಾದ ವಿಶ್ವ ಬೌದ್ಧಿಕ ಸ್ವಾಮ್ಯ ಸಂಸ್ಥೆಯ ಮುಂದೆ ಒಬ್ಬ ತೀರ್ಪುಗಾರನಿಂದ ನಡೆಸುವುದಕ್ಕೆ ೧,೫೦೦ ಡಾಲರು ಶುಲ್ಕ. ೮೫,೦೦೦ ರೂಪಾಯಿ ಕೇಳಿದವನು ಈ ಅಂಕಿಯನ್ನು ಬಲ್ಲವನೇ ಇರಬೇಕು! ದೂರಿನ ಖರ್ಚಿಗಿಂತ ಒಂದಿಷ್ಟು ಕೆಳಗೆ ಬೆಲೆ ಹೇಳಿದರೆ ಸಣ್ಣ ವ್ಯಾಪಾರಿ ಸೋತು ಕೊಡುತ್ತಾನೆಂಬುದು ಈ ಕಸುಬಿನ ಲೆಕ್ಕಾಚಾರ.

ಹಣವಿದ್ದರೂ ನಮ್ಮ ಯಜಮಾನರ ವಾದ ಬಲವಾದುದಲ್ಲ. ಅವರ ಮನೆಯ ಹೆಸರು ದೇವಿಯ ಹೆಸರು. ಕೊಲ್ಲೂರಿನಲ್ಲಿ ಚಹದ ಅಂಗಡಿಯಿಂದ ಜೀಪಿನವರೆಗೆ ಎಷ್ಟೋ ಜನರಿಗೆ ಅದೇ ಹೆಸರಿದೆ. ೨೦೧೫ರಲ್ಲಿ ಸರ್ವೋಚ್ಚ ನ್ಯಾಯಾಲಯ 'ರಾಮಾಯಣ' ಎಂಬ ಹೆಸರನ್ನು ಅಗರಬತ್ತಿಗೆ ವ್ಯಾಪಾರಮುದ್ರೆಯಾಗಿ ಒಬ್ಬನು ಕಟ್ಟಿಕೊಳ್ಳಲಾರನೆಂದು ಹೇಳಿತು. ಎಲ್ಲರದಾದುದು ಯಾರೊಬ್ಬರದೂ ಅಲ್ಲ ಎಂಬ ಈ ನ್ಯಾಯ ಒಳ್ಳೆಯದೇ. ಆದರೆ ಅದೇ ನ್ಯಾಯದ ಸಂದಿನಲ್ಲಿ ಹೆಸರಿನ ವ್ಯಾಪಾರಿ ನುಸುಳುತ್ತಾನೆ.

ಊರಿನ ಹೆಸರಿನ ಗತಿಯೂ ಹಾಗೆಯೇ. ಸ್ಪೇನ್ ದೇಶದ ಬಾರ್ಸಿಲೋನ ನಗರದ ಹೆಸರನ್ನು ೧೯೯೬ರಲ್ಲಿ ಖಾಸಗಿಯವರು ನೋಂದಾಯಿಸಿದ್ದರು. ನಗರಸಭೆಯ ದೂರಿನ ಮೇಲೆ ೨೦೦೦ದಲ್ಲಿ ಜಿನೀವಾ ಸಂಸ್ಥೆಯ ಪಂಚಾಯಿತಿ ಅದನ್ನು ನಗರಕ್ಕೆ ಕೊಡಿಸಿತು. ೨೦೦೩ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗುಮುರುಗು ಮಾಡಿತು: ಊರಿನ ಹೆಸರು ಬರಿಯ ಭೂಗೋಳದ ಪದ, ನಗರಸಭೆಗೆ ಅದರ ಮೇಲೆ ವ್ಯಾಪಾರಮುದ್ರೆಯ ಹಕ್ಕಿಲ್ಲ. ಬಾರ್ಸಿಲೋನಕ್ಕೇ ಹೀಗಾದರೆ ಕೊಲ್ಲೂರಿನ ಗ್ರಾಮ ಪಂಚಾಯಿತಿ ಎಲ್ಲಿ ನಿಂತೀತು? ಅದೂ ಅಲ್ಲದೆ ಕೊಲ್ಲೂರು ಎಂಬುದು ನಮ್ಮದೊಂದೇ ಅಲ್ಲ. ಕೃಷ್ಣಾನದಿಯ ದಡದಲ್ಲಿ, ಹದಿನೇಳನೆಯ ಶತಮಾನದಲ್ಲಿ ವಜ್ರದ ಗಣಿಗೆ ಜಗತ್ಪ್ರಸಿದ್ಧವಾಗಿದ್ದ ಕೊಲ್ಲೂರು ಆಂಧ್ರದಲ್ಲಿದೆ. ಅಲ್ಲಿಯವನೊಬ್ಬ ಆ ಹೆಸರನ್ನು ಹಿಡಿದರೆ ದುರುದ್ದೇಶವೆಂದು ನಾವು ಹೇಳುವಂತಿಲ್ಲ.

ಇಲ್ಲಿ ಉಡುಪಿ ಮಲ್ಲಿಗೆ, ಮಟ್ಟುಗುಳ್ಳ ಇವುಗಳನ್ನು ಹೋಲಿಸಿ ನೋಡಬಹುದು. ಇವು ಭೌಗೋಳಿಕ ಗುರುತೆಂದು ನೋಂದಣಿಯಾದುವು. ಆ ಹಕ್ಕನ್ನು ಮಾರಕೂಡದು, ಅಡವಿಡಕೂಡದು, ಗುತ್ತಿಗೆ ಕೊಡಕೂಡದು ಎಂದು ೧೯೯೯ರ ಕಾಯಿದೆಯ ೨೪ನೆಯ ಕಲಮು ಹೇಳುತ್ತದೆ. ಮಟ್ಟುವಿನ ಗದ್ದೆಯಲ್ಲಿ ಗುಳ್ಳ ಬೆಳೆಯುವವರೆಲ್ಲರಿಗೂ ಆ ಹೆಸರು ಸೇರಿದ್ದು; ಅವರಲ್ಲೊಬ್ಬನು ಪರಊರಿನವನಿಗೆ ವಿಕ್ರಯಿಸಲಾರ. ಆದರೆ ಅದೇ ಹೆಸರಿನ ಜಾಲವಿಳಾಸವನ್ನು ಗುಳ್ಳದ ಗಿಡವನ್ನೇ ಕಾಣದವನು ಹಿಡಿದು ಹರಾಜಿಗಿಡಬಹುದು. ಐಕಾನಿನ ನಿಯಮದಲ್ಲಿ ಭೌಗೋಳಿಕ ಗುರುತಿಗೆ ಪ್ರತ್ಯೇಕ ರಕ್ಷಣೆಯಿಲ್ಲ. ಉತ್ತವನಿಗೆ ಭೂಮಿ ಎಂಬ ತತ್ವವನ್ನು ೧೯೭೪ರ ಭೂಸುಧಾರಣೆಯಲ್ಲಿ ಒಪ್ಪಿಕೊಂಡ ಜಿಲ್ಲೆ ನಮ್ಮದು. ಚಾಲಗೇಣಿಯ ಒಕ್ಕಲಿಗೆ ಆಗ ಹಕ್ಕು ಬಂದದ್ದು ಅವನು ಉತ್ತಿದ್ದರಿಂದ. ಜಾಲದ ಹೆಸರಿನಲ್ಲಿ ಉತ್ತವನು ಯಾರೆಂದು ವ್ಯಾಪಾರಸ್ಥರ ಮಟ್ಟಿಗೆ ಕಾನೂನು ಕೇಳುತ್ತದೆ. ಊರಿನ ಮಟ್ಟಿಗೆ, ಬೆಳೆಗಾರರ ಮಟ್ಟಿಗೆ ಇನ್ನೂ ಕೇಳುತ್ತಿಲ್ಲ. ಅದನ್ನು ಕೇಳಿಸುವುದು ನ್ಯಾಯಶಾಸ್ತ್ರ ಓದಲಿರುವ ನಮ್ಮ ವಿದ್ಯಾರ್ಥಿಗಳ ಕೆಲಸವೆಂದು ನಾನು ತಿಳಿದಿದ್ದೇನೆ.

ಕನ್ನಡದಲ್ಲೇ ವಿಳಾಸ ಬರೆಯುವ ಅನುಕೂಲ ಈಗ ಬಂದಿದೆ. 'ಡಾಟ್ ಇನ್'ಗೆ ಸಮನಾಗಿ 'ಡಾಟ್ ಭಾರತ' ಎಂಬ ಬಾಲವನ್ನು ಕನ್ನಡ ಲಿಪಿಯಲ್ಲಿಯೇ ಮಂಜೂರು ಮಾಡಿದ್ದಾರೆ. ಹೀಗೆ ಬರೆದಲ್ಲಿ ಮೇಲಿನ ೫೭೬ರ ಗೋಜಿಲ್ಲ, ಕೊಲ್ಲೂರು ಕೊಲ್ಲೂರೇ. ಕನ್ನಡ ತೆಲುಗು ಅಕ್ಷರಗಳು ಕಣ್ಣಿಗೆ ಒಂದೇ ಆಗಿ ಕಾಣುವಲ್ಲಿ ಎರಡನ್ನೂ ಒಂದೇ ಎಂದು ಎಣಿಸುವ ನಿಯಮವನ್ನು ಬಾಲಗಳ ಮಟ್ಟದಲ್ಲಿ ವಿದ್ವಾಂಸರು ಮಾಡಿಟ್ಟಿದ್ದಾರೆ. ತೊಡಕೆಂದರೆ ಕೇರಳದ ಯಾತ್ರಿಕನು ಕನ್ನಡದಲ್ಲಿ ಹುಡುಕುವುದಿಲ್ಲ. ಆದಕಾರಣ ಕನ್ನಡದ ಹೆಸರುಗಳಿಗೆ ಪೇಟೆಯಲ್ಲಿ ಗಿರಾಕಿಗಳಿಲ್ಲ, ಗಿರಾಕಿಗಳಿಲ್ಲದುದರಿಂದ ಹೊಂಚುವವರೂ ಕಡಿಮೆ. ಇದನ್ನು ಭಾಗ್ಯವೆನ್ನಬೇಕೋ ದೌರ್ಭಾಗ್ಯವೆನ್ನಬೇಕೋ ನಾನರಿಯೆ. ನಮ್ಮ ಯಜಮಾನರು ೮೫,೦೦೦ ಕೊಡಲಿಲ್ಲ. ಮನೆಯ ಹೆಸರಿಗೆ ಊರಿನ ಹೆಸರನ್ನು ಸೇರಿಸಿ 'ಡಾಟ್ ಇನ್' ಒಂದನ್ನು ಪಡೆದು, ಬೋರ್ಡಿನಲ್ಲೂ ರಶೀದಿಯಲ್ಲೂ ದೊಡ್ಡದಾಗಿ ಅಚ್ಚುಹಾಕಿಸಿದ್ದಾರೆ.

ಹಾಗೆ ಪಡೆಯುವಾಗ ಗೇಣಿಚೀಟಿ ಯಾರ ಹೆಸರಿನಲ್ಲಿದೆ ಎಂಬುದನ್ನು ನೋಡಿಕೊಳ್ಳಬೇಕು. ನಮ್ಮಲ್ಲಿ ದೇವಸ್ಥಾನದ ಬ್ರಹ್ಮಕಲಶಕ್ಕೋ ಶಾಲೆಯ ಶತಮಾನೋತ್ಸವಕ್ಕೋ ತಾಣ ತೆರೆಯುವಾಗ ಬೆಂಗಳೂರಿನಲ್ಲಿರುವ ಯಾರದೋ ಅಳಿಯ ತನ್ನ ಸ್ವಂತ ಖಾತೆಯಿಂದ ಹಣ ಕಟ್ಟಿಬಿಡುತ್ತಾನೆ. ಉತ್ಸವ ಮುಗಿಯುತ್ತದೆ, ಸಮಿತಿ ಚದುರುತ್ತದೆ, ಅಳಿಯ ದುಬೈಗೆ ಹೋಗುತ್ತಾನೆ. ನೆನಪೋಲೆಗಳೆಲ್ಲ ಅವನ ಹಳೆಯ ವಿಳಾಸಕ್ಕೆ ಹೋಗುತ್ತವೆ. ನೋಂದಣಿಯನ್ನು ಸಂಸ್ಥೆಯ ಹೆಸರಿನಲ್ಲಿಯೇ ಮಾಡಿಸಿ, ಕಾರ್ಯದರ್ಶಿ ಬದಲಾದರೂ ಬದಲಾಗದ ಅಂಚೆವಿಳಾಸವನ್ನು ಕೊಟ್ಟು, ಒಮ್ಮೆಗೇ ಹತ್ತು ವರ್ಷದ ವಾಯಿದೆ ತೆಗೆದರೆ ಈ ತೊಂದರೆಯಿಲ್ಲ. 'ಡಾಟ್ ಕಾಮ್' ಹೆಸರಿನ ವಾಯಿದೆ ಮುಗಿದ ಮೇಲೆ ವರ್ತಕರು ೪೫ ದಿನದವರೆಗೆ ಸಾಮಾನ್ಯ ಶುಲ್ಕದಲ್ಲಿ ಅವಕಾಶ ಕೊಡಬಹುದು, ಕೊಡದೆಯೂ ಇರಬಹುದು. ಅಳಿಸಿದ ಮೇಲೆ ೩೦ ದಿನ ಹೆಚ್ಚಿನ ದಂಡ ತೆತ್ತು ಬಿಡಿಸಿಕೊಳ್ಳಬಹುದು. ಆಮೇಲೆ ೫ ದಿನ ಯಾರೂ ಮುಟ್ಟುವಂತಿಲ್ಲ. ಆರನೆಯ ದಿನ ಅದು ಮೊದಲು ಕೇಳಿದವನದು, ಮತ್ತು ಮೊದಲು ಕೇಳುವುದಕ್ಕೆಂದೇ ಯಂತ್ರಗಳನ್ನು ಕಾವಲಿಟ್ಟ ಕಂಪನಿಗಳು ಜಗತ್ತಿನಲ್ಲಿ ಹಲವಿವೆ.